ಹವಾಮಾನ ಕೆಡುತ್ತಿರುವಾಗ ರೋಶ್‌ಫೋರ್ ಏಣು: ಎಲ್ಲಿಯವರೆಗೆ ಹೋಗಬಹುದು, ಎಲ್ಲಿಂದ ತಿರುಗಬೇಕು

ಮಾಂಟ್ ಬ್ಲಾಂಕ್ ಪರ್ವತ ಸಮೂಹದಲ್ಲಿ, ಇಟಲಿ–ಫ್ರಾನ್ಸ್ ಗಡಿಯ ಮೇಲೆ, 4,000 ಮೀಟರ್ ಎತ್ತರದ ಆಸುಪಾಸಿನಲ್ಲಿ ಸಾಗುವ ಕಿರಿದಾದ ಹಿಮದ ಏಣು, ಅಂದರೆ ಬೆಟ್ಟದ ಚೂಪು ಬೆನ್ನು, ರೋಶ್‌ಫೋರ್. ಪಶ್ಚಿಮದ ತುದಿಯಲ್ಲಿ ದಾಂ ದ್ಯು ಜೆಯಾಂ ಎಂಬ ಕಲ್ಲಿನ ಕೋಡು (4,013 ಮೀ.), ನಡುವೆ ಎಗ್ವಿ ದ ರೋಶ್‌ಫೋರ್ (4,001 ಮೀ.) ಮತ್ತು ಡೋಮ್ ದ ರೋಶ್‌ಫೋರ್ (4,015 ಮೀ.), ಪೂರ್ವಕ್ಕೆ ಮುಂದುವರಿದರೆ ಗ್ರಾಂಡ್ ಜೊರಾಸ್‌ನ ಸಾಲು ಶಿಖರಗಳು. ಆಲ್ಪ್ಸ್‌ನಲ್ಲಿ 4,000 ಮೀಟರ್ ದಾಟಿದ 82 ಶಿಖರಗಳೆಂದು ಪಟ್ಟಿ ಮಾಡಿದ್ದಾರಲ್ಲ, ಅವುಗಳಲ್ಲಿ 8 ಈ ಒಂದೇ ಸಾಲಿನಲ್ಲಿವೆ. 2024ರ ಆಗಸ್ಟ್‌ನಲ್ಲಿ ಪರ್ವತ ಓಟಗಾರ ಕಿಲಿಯನ್ ಜೋರ್ನೆ ಆ ಎಂಬತ್ತೆರಡನ್ನೂ 19 ದಿನಗಳಲ್ಲಿ ಮುಗಿಸಿದಾಗ ಈ ಸಾಲನ್ನೂ ದಾಟಿಯೇ ಹೋಗಿದ್ದರು.

ಇಲ್ಲಿಗೆ ತಲುಪುವುದು ಬಹಳ ಸುಲಭ. ಇಟಲಿ ಕಡೆಯ ಕೂರ್ಮಾಯರ್‌ನಲ್ಲಿ ಕೇಬಲ್ ಕಾರ್ ಹತ್ತಿದರೆ ಅರ್ಧ ಗಂಟೆಯೊಳಗೆ 3,466 ಮೀಟರ್ ಎತ್ತರದ ಪುಂಟಾ ಹೆಲ್‌ಬ್ರಾನರ್. ಅಲ್ಲಿಂದ ಸ್ವಲ್ಪ ಇಳಿದರೆ ಟೊರಿನೊ ಹಟ್ (ಆರೋಹಿಗಳು ತಂಗುವ ಮನೆ), 3,375 ಮೀಟರ್. ಶುಕ್ರವಾರ ಸಂಜೆಯವರೆಗೆ ಜಿನೀವಾದಲ್ಲೋ ಮ್ಯೂನಿಕ್‌ನಲ್ಲೋ ಆಫೀಸಿನಲ್ಲಿದ್ದವರು ಶನಿವಾರ ಮಧ್ಯಾಹ್ನ ಅಲ್ಲಿರಬಹುದು. ರಜೆ ಎರಡೇ ದಿನ, ಹಟ್ ಬುಕ್ ಆಗಿದೆ, ಮುನ್ಸೂಚನೆ ನೋಡಿದರೆ "ಭಾನುವಾರ ಮಧ್ಯಾಹ್ನದ ನಂತರ ಹದಗೆಡಲಿದೆ". ಈ ಲೇಖನ ಇಂಥ ಭಾನುವಾರಕ್ಕಾಗಿ ಬರೆದದ್ದು.

ಹವಾಮಾನ ಸ್ಪಷ್ಟವಾಗಿ ಕೆಟ್ಟಿದ್ದರೆ ಯಾರೂ ಹೋಗುವುದಿಲ್ಲ, ಚೆನ್ನಾಗಿದ್ದರೆ ಚರ್ಚೆಯೇ ಇಲ್ಲ. ನಡುವಿನ ದಿನಗಳಲ್ಲೇ ಜನ ಸಾಯುವುದು. ಟ್ರಾವರ್ಸ್‌ನಲ್ಲಿ (ಏಣಿನುದ್ದಕ್ಕೂ ದಾಟಿ ಹೋಗುವ ಆರೋಹಣದಲ್ಲಿ) ಮುಂದೆ ಇಡುವ ಪ್ರತಿ ಹೆಜ್ಜೆಯೂ ಹಿಂದಿರುಗುವ ದಾರಿಯನ್ನು ಉದ್ದ ಮಾಡುತ್ತದೆ. ಒಂದು ಹಂತ ದಾಟಿದ ಮೇಲೆ ವಾಪಸ್ ಬರುವುದು ಮುಂದೆ ಹೋಗುವುದಕ್ಕಿಂತ ಕಷ್ಟವಾಗುತ್ತದೆ. ಆದ್ದರಿಂದ ಎಲ್ಲಿ, ಎಷ್ಟು ಗಂಟೆಗೆ, ಏನು ಕಂಡರೆ ತಿರುಗಬೇಕು ಅನ್ನುವುದನ್ನು ಹಿಂದಿನ ಸಂಜೆ ಹಟ್‌ನಲ್ಲಿ ಕೂತು ತೀರ್ಮಾನಿಸಬೇಕು. ಏಣಿನ ಮೇಲೆ, ಗಾಳಿಯಲ್ಲಿ, ಕೈ ಮರಗಟ್ಟಿರುವಾಗ ಆ ತೀರ್ಮಾನ ಸರಿಯಾಗಿ ಆಗುವುದೇ ಇಲ್ಲ.

ನಿಮಗೆ ಇದು ಈಗ ಸರಿಯೇ?

ಬಾದಾಮಿಯ ಮರಳುಗಲ್ಲಿನಲ್ಲಿ, ರಾಮನಗರದ ಬಂಡೆಗಳಲ್ಲಿ ಕಲಿತವರಿಗೆ ಈ ಏಣಿನ ಕಲ್ಲು ಹತ್ತುವ ಭಾಗಗಳು ತಾಂತ್ರಿಕವಾಗಿ ಕಷ್ಟವಲ್ಲ. ಕಷ್ಟವೆಂದರೆ ಅದೇ ಕಲ್ಲನ್ನು ಕ್ರ್ಯಾಂಪಾನ್ (ಹಿಮ ಕಚ್ಚುವ ಲೋಹದ ಮುಳ್ಳುಗಳು) ಕಟ್ಟಿದ ಬೂಟಿನಲ್ಲಿ, ದಪ್ಪ ಗ್ಲೌಸ್ ಹಾಕಿಕೊಂಡು, ಬೆನ್ನಿಗೆ ಚೀಲ ಹೊತ್ತು ಹತ್ತುವುದು. ಉತ್ತರಕಾಶಿಯ ಎನ್‌ಐಎಂ ಅಥವಾ ಡಾರ್ಜಿಲಿಂಗ್‌ನ ಎಚ್‌ಎಂಐ ಎಂಬ ಪರ್ವತಾರೋಹಣ ಶಾಲೆಗಳಲ್ಲಿ ಕೋರ್ಸ್ ಮುಗಿಸಿದವರಿಗೆ ಹಿಮದ ಮೇಲೆ ನಡೆಯುವುದು, ಜಾರಿದರೆ ಐಸ್ ಆಕ್ಸ್‌ನಿಂದ ತಡೆದುಕೊಳ್ಳುವುದು ಗೊತ್ತಿರುತ್ತದೆ. ಆದರೆ ನಮ್ಮ ಕಡೆಯ ಎಕ್ಸ್‌ಪೆಡಿಶನ್‌ಗಳಲ್ಲಿ ಕಷ್ಟದ ಜಾಗಕ್ಕೆಲ್ಲ ಮೊದಲೇ ಹಗ್ಗ ಕಟ್ಟಿರುತ್ತಾರೆ. ಇಲ್ಲಿ ಹಗ್ಗ ಇರುವುದು ನಿಮ್ಮಿಬ್ಬರ ನಡುವೆ ಮಾತ್ರ, ಇಬ್ಬರೂ ಒಟ್ಟಿಗೆ ಚಲಿಸುತ್ತಿರುತ್ತೀರಿ. ಇದು ಬೇರೆಯದೇ ವಿದ್ಯೆ.

ಆದ್ದರಿಂದ ಮೊದಲು ಟೊರಿನೊ ಹಟ್‌ನ ಹತ್ತಿರದ ಎಗ್ವಿ ದಾಂತ್ರೇವ್ ಟ್ರಾವರ್ಸ್ ಅಥವಾ ಎಗ್ವಿ ದ್ಯು ಮಿದಿಯ ಕೋಸ್ಮಿಕ್ ಏಣನ್ನು ಒಳ್ಳೆಯ ಹವಾಮಾನದಲ್ಲಿ ಮಾಡಿ. ಅಲ್ಲಿ ಮಾರ್ಗದರ್ಶಿ ಪುಸ್ತಕ ಹೇಳುವ ಸಮಯದೊಳಗೆ, ಎಲ್ಲೂ ಆತುರಪಡದೆ ಮುಗಿಸಲು ಆಗದಿದ್ದರೆ ಹವಾಮಾನ ಕೆಡುವ ದಿನ ರೋಶ್‌ಫೋರ್ ನಿಮ್ಮದಲ್ಲ. ಗೈಡ್ ಜೊತೆ ಹೋಗುವವರೂ ಈ ಅಭ್ಯಾಸ ಮಾಡಿಕೊಂಡೇ ಹೋಗಬೇಕು. ಗೈಡ್ ನಿಮ್ಮನ್ನು ಹಿಡಿಯಬಲ್ಲರು, ನಿಮ್ಮ ಪರವಾಗಿ ವೇಗವಾಗಿ ನಡೆಯಲಾರರು.

ಎತ್ತರಕ್ಕೆ ಒಗ್ಗಿಕೊಳ್ಳದೆ ವೇಗದ ಮಾತು ಬೇಡ. ಮೊದಲೇ ಒಂದೆರಡು ರಾತ್ರಿ 3,000 ಮೀಟರ್ ಮೇಲೆ ಮಲಗಿರಬೇಕು.

ಮೂರು ಗುರಿಗಳಲ್ಲಿ ಒಂದನ್ನು ಆರಿಸಿ

ಈ ಏಣನ್ನು ಮೂರು ಅಳತೆಯಲ್ಲಿ ಮಾಡಬಹುದು. ಚಿಕ್ಕದು: ಟೊರಿನೊದಿಂದ ಎಗ್ವಿ ದ ರೋಶ್‌ಫೋರ್‌ವರೆಗೆ ಹೋಗಿ ಅದೇ ದಾರಿಯಲ್ಲಿ ವಾಪಸ್, ಸಾಮಾನ್ಯವಾಗಿ ಎಂಟು ಗಂಟೆಯ ಆಸುಪಾಸಿನ ದಿನ. ನಡುವಿನದು: ಡೋಮ್ ದಾಟಿ ಗ್ರಾಂಡ್ ಜೊರಾಸ್ ಕೊಲ್ (ಎರಡು ಶಿಖರಗಳ ನಡುವಿನ ತಗ್ಗು) ಮೇಲಿರುವ ಕಾಂಟ್ಸಿಯೊ ಬಿವ್ವಾಕ್‌ವರೆಗೆ (3,825 ಮೀ.). ಅಲ್ಲಿ ಸಿಬ್ಬಂದಿ ಇಲ್ಲ, ನೀರಿಲ್ಲ. ಕೆಲವೇ ಜನ ಮಲಗಬಹುದಾದ ತಗಡಿನ ಗೂಡು. ದೊಡ್ಡದು: ಮರುದಿನ ಅಲ್ಲಿಂದ ಪ್ವಾಂತ್ ಯಂಗ್ ಹತ್ತಿ ಗ್ರಾಂಡ್ ಜೊರಾಸ್‌ನ ಶಿಖರಗಳನ್ನೆಲ್ಲ ದಾಟಿ ಪ್ವಾಂತ್ ವಾಕರ್ (4,208 ಮೀ.) ಮುಟ್ಟಿ, ಇಟಲಿಯ ಕಡೆ ಬೊಕ್ಕಲಾಟೆ ಹಟ್‌ಗೆ ಇಳಿಯುವುದು. 1911ರಲ್ಲಿ ಆ ಪಶ್ಚಿಮ ಏಣನ್ನು ಮೊದಲು ಹತ್ತಿದ ತಂಡದಲ್ಲಿ ಜೆಫ್ರಿ ವಿಂಥ್ರಾಪ್ ಯಂಗ್ ಮತ್ತು ಗೈಡ್ ಜೋಸೆಫ್ ಕ್ನುಬೆಲ್ ಇದ್ದರು. ಮೊದಲ ಶಿಖರಕ್ಕೆ ಯಂಗ್ ಹೆಸರೇ ಉಳಿದಿದೆ.

ನನ್ನ ನಿಲುವು ನೇರವಾದದ್ದು. ಎರಡು ದಿನ ಪೂರ್ತಿ ಸ್ಥಿರ ಹವಾಮಾನ ಇಲ್ಲದಿದ್ದರೆ ದೊಡ್ಡದನ್ನು ಯೋಚಿಸಲೇಬೇಡಿ. ಮೊದಲ ದಿನ ಸಂಜೆ ಕೆಟ್ಟು ಮರುದಿನ ಬೆಳಿಗ್ಗೆ ಬಿಡುವು ಕೊಡುತ್ತದೆ ಅನ್ನುವ ಲೆಕ್ಕದ ಮೇಲೆ ಕಾಂಟ್ಸಿಯೊಗೆ ಹೋಗುವುದೂ ಬೇಡ; ಅಲ್ಲಿಂದ ಇಳಿಯಲು ಎರಡೂ ಕಡೆ ಕಡಿದಾದ, ಪುಡಿಗಲ್ಲಿನ, ಬಿರುಕು ಬಿಟ್ಟ ಹಿಮದ ಇಳಿಜಾರುಗಳೇ. ಹವಾಮಾನ ಕೆಡುವ ದಿನದ ಗುರಿ ಚಿಕ್ಕದು, ಅಷ್ಟೇ. ಅದೂ ಪೂರ್ಣ ಅನುಭವವೇ. ಏಣಿನ ಅತ್ಯಂತ ಚೆಲುವಾದ, ಅತ್ಯಂತ ಕಿರಿದಾದ ಭಾಗ ಅದರಲ್ಲೇ ಬರುತ್ತದೆ.

ದಾಂ ದ್ಯು ಜೆಯಾಂ ಅನ್ನು ಇಂಥ ದಿನ ಸೇರಿಸಿಕೊಳ್ಳಬೇಡಿ. ಅದರ ಮೇಲೆ ಕಟ್ಟಿರುವ ದಪ್ಪ ಹಗ್ಗಗಳನ್ನು ಹಿಡಿದು ಹತ್ತುತ್ತಾರೆ. ಒದ್ದೆಯಾಗಿ ಹೆಪ್ಪುಗಟ್ಟಿದರೆ ಆ ಹಗ್ಗ ಕೈಗೆ ಸಿಗುವುದಿಲ್ಲ. ತುದಿಯಲ್ಲಿ ಮೇರಿ ಮಾತೆಯ ಲೋಹದ ಪ್ರತಿಮೆಯಿದೆ, ಸುತ್ತಮುತ್ತಲಿನ ಸಿಡಿಲಿಗೆಲ್ಲ ಅದೇ ಎತ್ತರದ ಗುರಿ. (1882ರಲ್ಲಿ ಇದರ ಎತ್ತರದ ತುದಿಯನ್ನು ಮೊದಲು ಮುಟ್ಟಿದ ಡಬ್ಲ್ಯು. ಡಬ್ಲ್ಯು. ಗ್ರಹಾಂ ಮರುವರ್ಷವೇ ಭಾರತಕ್ಕೆ ಬಂದು, ಸಿಕ್ಕಿಂನ ಕಾಬ್ರು ಶಿಖರ ಹತ್ತಿದೆ ಎಂದು ಹೇಳಿಕೊಂಡವರು. ಆ ವಿವಾದ ಇನ್ನೂ ಮುಗಿದಿಲ್ಲ.)

ಹವಾಮಾನ ಯಾವ ಬಗೆಯಲ್ಲಿ ಕೆಡುತ್ತಿದೆ?

"ಕೆಡುತ್ತದೆ" ಅನ್ನುವ ಒಂದು ಮಾತಿನಲ್ಲಿ ಬೇರೆ ಬೇರೆ ಸಂಗತಿಗಳಿವೆ. ಮೆಟೆಯೊ ಫ್ರಾನ್ಸ್‌ನ ಶಾಮೊನಿ ಮುನ್ಸೂಚನೆ, ಆವೊಸ್ತಾ ಕಣಿವೆಯ ಪ್ರಾದೇಶಿಕ ಮುನ್ಸೂಚನೆ, ಎರಡನ್ನೂ ಮೂರು ದಿನ ಮೊದಲಿನಿಂದ ಓದಿ. ಫೋನಿನ ಆ್ಯಪ್‌ನಲ್ಲಿ ಬರುವ ಮೋಡ–ಸೂರ್ಯನ ಚಿತ್ರ ಸಾಲದು. ಪಠ್ಯ ಓದಬೇಕು, 4,000 ಮೀಟರ್‌ನ ಗಾಳಿ ಎಷ್ಟು, ಸೊನ್ನೆ ಡಿಗ್ರಿ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ಬರೆದಿಟ್ಟುಕೊಳ್ಳಬೇಕು.

ಬೇಸಿಗೆಯ ಸೆಖೆಯ ದಿನಗಳಲ್ಲಿ ಬೆಳಿಗ್ಗೆ ತಿಳಿಯಾಗಿದ್ದು ಮಧ್ಯಾಹ್ನ ಗುಡುಗು ಬರುತ್ತದೆ. ಹತ್ತು ಗಂಟೆಯ ಹೊತ್ತಿಗೆ ಕಣಿವೆಯ ಮೇಲೆ ಹತ್ತಿಯಂಥ ಮೋಡಗಳು ಎತ್ತರಕ್ಕೆ ಬೆಳೆಯಲು ಶುರುವಾದರೆ ಅಂದಿನ ಗುಡುಗು ಬೇಗ ಬರುತ್ತದೆ ಅಂತ ಅರ್ಥ. ಈ ದಿನಗಳ ಇನ್ನೊಂದು ಅಪಾಯ ಶಾಖ. ರಾತ್ರಿಯಿಡೀ ಸೊನ್ನೆ ಡಿಗ್ರಿಯ ಮಟ್ಟ 4,000 ಮೀಟರ್‌ಗಿಂತ ಮೇಲಿದ್ದರೆ ಹಿಮ ಗಟ್ಟಿಯಾಗುವುದಿಲ್ಲ, ಏಣಿಗೆ ಹತ್ತುವ ಕಲ್ಲುಗುಂಡುಗಳ ಇಳಿಜಾರು ಬಿಗಿದುಕೊಳ್ಳುವುದಿಲ್ಲ, ಕಲ್ಲು ಉದುರುತ್ತಲೇ ಇರುತ್ತದೆ. ಅಂಥ ರಾತ್ರಿಯ ಮರುದಿನ ಗುಡುಗು ಇರಲಿ ಬಿಡಲಿ, ಹೋಗಬೇಡಿ.

ಶೀತ ವಾಯುಮುಖ (ತಣ್ಣನೆಯ ಗಾಳಿಯ ರಾಶಿಯ ಮುಂಚೂಣಿ) ಬರುವ ದಿನ ಬೇರೆ. ನೈಋತ್ಯದ ಗಾಳಿ ಹಿಂದಿನ ದಿನವೇ ಜೋರಾಗುತ್ತದೆ, ಮಾಂಟ್ ಬ್ಲಾಂಕ್‌ನ ತಲೆಯ ಮೇಲೆ ನಯವಾದ ಬಿಲ್ಲೆಯಂಥ ಮೋಡ ಕೂರುತ್ತದೆ, ಎತ್ತರದ ತೆಳು ಮೋಡ ದಪ್ಪವಾಗುತ್ತಾ ಸೂರ್ಯ ಮಸುಕಾಗುತ್ತಾನೆ. ವಾಯುಮುಖ ದಾಟುವಾಗ ಗಾಳಿ ವಾಯವ್ಯಕ್ಕೆ ತಿರುಗಿ, ಉಷ್ಣಾಂಶ ಕೆಲವೇ ಗಂಟೆಗಳಲ್ಲಿ ಕುಸಿಯುತ್ತದೆ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 50 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ತಟ್ಟುವ ಚಳಿ ಸುಮಾರು ಮೈನಸ್ 22. ಆ ಚಳಿಯಲ್ಲಿ ಗ್ಲೌಸ್ ತೆಗೆದು ಗಂಟು ಬಿಚ್ಚುವ ಒಂದು ನಿಮಿಷವೂ ದುಬಾರಿ.

ಮುನ್ಸೂಚನೆ ಹೇಳಿದ ಗಂಟೆಯಿಂದ ನಾಲ್ಕು ಗಂಟೆ ಕಳೆಯಿರಿ; ಆ ಹೊತ್ತಿಗೆ ಏಣಿನಿಂದ ಕೆಳಗಿರಬೇಕು. ಮೂರಕ್ಕೆ ಎಂದಿದ್ದರೆ ಹನ್ನೊಂದಕ್ಕೆ ನೀವು ಹಿಮನದಿಯ ಮೇಲಿರಬೇಕು. ಮಧ್ಯಾಹ್ನಕ್ಕೆ ಎಂದಿದ್ದರೆ ಹಟ್‌ನಲ್ಲೇ ಮಲಗಿ. 4,000 ಮೀಟರ್‌ನಲ್ಲಿ ಗಾಳಿ 40 ಕಿಲೋಮೀಟರ್ ದಾಟುವ ಮುನ್ಸೂಚನೆ ಇದ್ದರೂ ಅಷ್ಟೇ.

ಹಿಂದಿನ ಸಂಜೆ ಟೊರಿನೊದಲ್ಲಿ

ಹಟ್ ತಲುಪಿದ ಕೂಡಲೇ ಆಲ್ಟಿಮೀಟರ್ ಅನ್ನು 3,375ಕ್ಕೆ ಹೊಂದಿಸಿ, ಸ್ವಯಂಚಾಲಿತ ತಿದ್ದುಪಡಿ ಇದ್ದರೆ ಆರಿಸಿ. ರಾತ್ರಿ ಎರಡಕ್ಕೆ ಎದ್ದಾಗ ಮತ್ತೆ ನೋಡಿ. ನೀವು ಕದಲಿಲ್ಲ, ಆದರೂ ಅದು 3,420 ತೋರಿಸುತ್ತಿದ್ದರೆ ಗಾಳಿಯ ಒತ್ತಡ ಸುಮಾರು 4 ಹೆಕ್ಟೊಪಾಸ್ಕಲ್ ಇಳಿದಿದೆ. ಈ ಎತ್ತರದಲ್ಲಿ 1 ಹೆಕ್ಟೊಪಾಸ್ಕಲ್‌ಗೆ ಹತ್ತಿರಹತ್ತಿರ 12 ಮೀಟರ್ ಲೆಕ್ಕ. ಒಂದೇ ರಾತ್ರಿಯಲ್ಲಿ ಅಷ್ಟು ಇಳಿದಿದ್ದರೆ ವಾಯುಮುಖ ಮುನ್ಸೂಚನೆಗಿಂತ ಮುಂಚೆ ಬರುತ್ತಿರಬಹುದು. 15–20 ಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಸಂಜೆ ಹಿಮನದಿಯ ಮೇಲೆ ಒಂದಿಷ್ಟು ದೂರ ನಡೆದು ಬನ್ನಿ. ಬೆಳಗಿನ ಜಾವ ಕತ್ತಲಲ್ಲಿ ದಾಟಬೇಕಾದ ದಾರಿ ಕಣ್ಣಿಗೆ ಬೀಳುತ್ತದೆ, ಎಲ್ಲೆಲ್ಲಿ ಬಿರುಕುಗಳಿವೆ ಎಂದು ಕಾಣುತ್ತದೆ. ಹೋಗುವಾಗ ಜಿಪಿಎಸ್‌ನಲ್ಲಿ ಜಾಡು ದಾಖಲಿಸಿ. ಮರುದಿನ ಮಂಜಿನಲ್ಲಿ ವಾಪಸಾಗಲು ಇದೇ ಜಾಡು ಬೇಕಾಗಬಹುದು. ಏಣಿನಿಂದ ಆ ದಿನ ಇಳಿದು ಬಂದವರನ್ನು ಮಾತಾಡಿಸಿ. ಹಿಮ ಗಟ್ಟಿಯಿತ್ತೇ, ಹೆಜ್ಜೆಗುರುತು ಇದೆಯೇ, ಕಲ್ಲಿನ ಮೇಲೆ ತೆಳು ಮಂಜುಗಡ್ಡೆ ಇತ್ತೇ? ಹಟ್ ನೋಡಿಕೊಳ್ಳುವವರು "ನಾಳೆ ಯಾವ ಗೈಡೂ ಹೋಗುತ್ತಿಲ್ಲ" ಎಂದರೆ ಅದಕ್ಕಿಂತ ಒಳ್ಳೆಯ ಮುನ್ಸೂಚನೆ ಸಿಗಲಾರದು.

ಆಮೇಲೆ ಇಬ್ಬರೂ ಕೂತು ಒಂದು ಚೀಟಿಯಲ್ಲಿ ಬರೆಯಿರಿ:

- 3:00 – ಟೊರಿನೊದಿಂದ ಹೊರಡುವುದು
- 5:30 – ಸಾಲ್ ಆ ಮಾಂಜೆ (ಏಣು ಶುರುವಾಗುವ ಮುಂಚಿನ ಬಯಲು ಜಾಗ). ಆರು ದಾಟಿದರೆ ವಾಪಸ್
- 8:00 – ಎಗ್ವಿ ದ ರೋಶ್‌ಫೋರ್. ಎಂಟೂವರೆಗೆ ಎಲ್ಲಿದ್ದರೂ ಅಲ್ಲಿಂದಲೇ ವಾಪಸ್
- 10:30 – ಮತ್ತೆ ಸಾಲ್ ಆ ಮಾಂಜೆ

ಈ ಚೀಟಿ ಮುಂದೆ ನಡೆಯುವವನ ಜೇಬಿನಲ್ಲಿರಲಿ. ಇಬ್ಬರಲ್ಲಿ ಯಾರೊಬ್ಬರು "ತಿರುಗೋಣ" ಎಂದರೂ ಕಾರಣ ಕೇಳದೆ ತಿರುಗುವುದು ಎಂಬ ಒಪ್ಪಂದ ಮಾಡಿಕೊಳ್ಳಿ. "ಇನ್ನೊಂದ್ ಸ್ವಲ್ಪ ಮುಂದೆ ಹೋಗಿ ನೋಡೋಣ ಮಗಾ" ಅನ್ನುವ ಮಾತಿಗೆ ಏಣಿನ ಮೇಲೆ ಜಾಗ ಇಲ್ಲ. ಮುಂದೆ ಹೋಗಿ ನೋಡಿದರೆ ಕಾಣುವುದು ಇನ್ನಷ್ಟು ಮುಂದಿನ ದಾರಿಯೇ.

ಚೀಲದಲ್ಲಿ

ಹಗುರ ಚೀಲ ವೇಗಕ್ಕೆ ಬೇಕು, ನಿಜ. ಆದರೆ ಹಗುರ ಮಾಡುವ ನೆಪದಲ್ಲಿ ಬದುಕಿಸುವ ಸಾಮಾನುಗಳನ್ನೇ ಬಿಟ್ಟು ಹೋಗುವವರಿದ್ದಾರೆ. ಬಿಡಬೇಕಾದದ್ದು ಎರಡನೇ ಲೆನ್ಸ್, ಹೆಚ್ಚುವರಿ ಬಟ್ಟೆ, ದೊಡ್ಡ ಫ್ಲಾಸ್ಕ್.

ಇಬ್ಬರಿಗೆ 60 ಮೀಟರ್‌ನ ಒಂದು ತೆಳು ಸಿಂಗಲ್ ರೋಪ್, ಆರೆಂಟು ಸ್ಲಿಂಗ್ (ಪಟ್ಟಿಯ ಕುಣಿಕೆ), ಕಲ್ಲಿನ ಬಿರುಕಿಗೆ ಸಿಕ್ಕಿಸಿ ಆಧಾರ ಮಾಡುವ ಮೂರ್ನಾಲ್ಕು ಕ್ಯಾಮ್, ಒಂದು ಸೆಟ್ ನಟ್, ತಲಾ ಒಂದು ಐಸ್ ಸ್ಕ್ರೂ, ಬಿರುಕಿನಿಂದ ಮೇಲೆತ್ತುವ ಪುಲ್ಲಿ ಮತ್ತು ಪ್ರುಸಿಕ್ (ಹಗ್ಗಕ್ಕೆ ಬಿಗಿಯುವ ದಾರದ ಕುಣಿಕೆ). ಆರು ಮೀಟರ್ ಹಳೆಯ ಹಗ್ಗದ ತುಂಡು ಕತ್ತರಿಸಿ ಬಿಟ್ಟು ಬರಲು ಬೇಕು; ಅವಸರದಲ್ಲಿ ರ್ಯಾಪೆಲ್ ಮಾಡಬೇಕಾದಾಗ (ಹಗ್ಗದ ಮೇಲೆ ಜಾರಿ ಇಳಿಯಬೇಕಾದಾಗ) ಹೊಸ ಸ್ಲಿಂಗ್ ಬಿಡಲು ಜನ ಹಿಂಜರಿಯುತ್ತಾರೆ, ಆ ಹಿಂಜರಿಕೆ ಇರಬಾರದು. ಹೆಲ್ಮೆಟ್, ಕ್ರ್ಯಾಂಪಾನ್, ಐಸ್ ಆಕ್ಸ್ ಹೇಳಬೇಕಾಗಿಲ್ಲ. ಇಬ್ಬರೂ ಒಳಗೆ ಕೂರಬಹುದಾದ, ತಲೆಯ ಮೇಲಿಂದ ಎಳೆದುಕೊಳ್ಳುವ ತುರ್ತು ಹೊದಿಕೆ ಅರ್ಧ ಕಿಲೋಗಿಂತ ಕಡಿಮೆ ತೂಗುತ್ತದೆ. ಬಿಟ್ಟು ಹೋಗಬಾರದ ಒಂದೇ ವಸ್ತು ಹೇಳಿ ಎಂದರೆ ನಾನು ಅದನ್ನೇ ಹೇಳುತ್ತೇನೆ. ದಪ್ಪ ಜಾಕೆಟ್, ಎರಡು ಜೊತೆ ಗ್ಲೌಸ್, ಗಾಗಲ್. ಹಿಮ ಮುಖಕ್ಕೆ ಹೊಡೆಯುವಾಗ ಸನ್‌ಗ್ಲಾಸ್ ಕೆಲಸಕ್ಕೆ ಬರುವುದಿಲ್ಲ.

ತಿನ್ನಲು ಕಡಲೆಕಾಯಿ ಚಿಕ್ಕಿ ಒಯ್ಯುವವರು ಹಿಂದಿನ ರಾತ್ರಿಯೇ ಸಣ್ಣ ತುಂಡು ಮಾಡಿಟ್ಟುಕೊಳ್ಳಿ, ಚಳಿಗೆ ಹಲ್ಲಿಗೆ ಬಗ್ಗುವುದಿಲ್ಲ. ಖರ್ಜೂರ, ಕೊಬ್ಬರಿ–ಬೆಲ್ಲ ಮೆತ್ತಗೆ ಉಳಿಯುತ್ತವೆ. ಇವೆಲ್ಲ ಜಾಕೆಟ್‌ನ ಒಳಜೇಬಿನಲ್ಲಿರಲಿ, ಚೀಲ ಬಿಚ್ಚದೆ ನಡೆಯುತ್ತಲೇ ತಿನ್ನುವಂತಿರಬೇಕು. ಫೋನ್ ಕೂಡ ಎದೆಯ ಹತ್ತಿರ. ಚಳಿಯಲ್ಲಿ ಅರ್ಧ ತುಂಬಿದ ಬ್ಯಾಟರಿ ಇದ್ದಕ್ಕಿದ್ದಂತೆ ಸೊನ್ನೆಯಾಗುತ್ತದೆ.

ಷೆಂಗನ್ ವೀಸಾಗೆಂದು ಕೊಂಡ ಪ್ರವಾಸ ವಿಮೆ ಸಾಮಾನ್ಯವಾಗಿ ಪರ್ವತಾರೋಹಣವನ್ನು ಒಳಗೊಂಡಿರುವುದಿಲ್ಲ. ಹೆಲಿಕಾಪ್ಟರ್ ರಕ್ಷಣೆಯ ವೆಚ್ಚ ಭರಿಸುವ ವಿಮೆಯನ್ನು ಬೇರೆಯಾಗಿ ಮಾಡಿಸಿ. ವಿಮೆ ಇಲ್ಲದವರು 112ಕ್ಕೆ ಕರೆ ಮಾಡಲು ತಡ ಮಾಡುತ್ತಾರೆ. ತಡವಾದಷ್ಟೂ ಮೋಡ ಮುಚ್ಚುತ್ತದೆ.

ಹಿಮನದಿ, ನಂತರ ಕಲ್ಲಿನ ಇಳಿಜಾರು

ಮೂರು ಗಂಟೆಗೆ ಹೊರಟಾಗ ಹಗ್ಗದಲ್ಲಿ ಇಬ್ಬರ ನಡುವೆ 15 ಮೀಟರ್ ಇರಲಿ, ನಡುವೆ ಗಂಟುಗಳಿರಲಿ. ಒಬ್ಬರು ಬಿರುಕಿಗೆ ಬಿದ್ದರೆ ಗಂಟು ಹಿಮದ ಅಂಚಿಗೆ ಸಿಕ್ಕಿಕೊಂಡು ಬೀಳುವ ವೇಗ ತಗ್ಗುತ್ತದೆ. ದಾಂ ದ್ಯು ಜೆಯಾಂ ಬುಡದತ್ತ ಏರುವ ಇಳಿಜಾರು ಮುಟ್ಟಿದ ಮೇಲೆ ಹಿಮ ಮತ್ತು ಕಲ್ಲು ಬೆರೆತ ಏರು. ಇಲ್ಲಿ ಕಷ್ಟ ಹತ್ತುವುದರಲ್ಲಿಲ್ಲ, ಮೇಲಿನವರ ಕಾಲಿನಿಂದ ಉರುಳುವ ಕಲ್ಲುಗಳಲ್ಲಿದೆ. ಹಗ್ಗವನ್ನು ಗಿಡ್ಡ ಮಾಡಿಕೊಳ್ಳಿ, ಉದ್ದ ಹಗ್ಗ ಕಲ್ಲುಗಳನ್ನು ಕೆಡವುತ್ತದೆ. ಮೇಲೆ ಬೇರೆ ತಂಡ ಇದ್ದರೆ ಅವರ ನೇರ ಕೆಳಗೆ ನಡೆಯಬೇಡಿ.

ಈ ಏರು ಮುಗಿಯುವ ಬಯಲು ಜಾಗವೇ ಸಾಲ್ ಆ ಮಾಂಜೆ. ಎಲ್ಲರೂ ಇಲ್ಲಿ ಕೂತು ತಿನ್ನುತ್ತಾರೆ. ನೀವೂ ಹತ್ತು ನಿಮಿಷ ಕೂತುಕೊಳ್ಳಿ, ಆದರೆ ಪಶ್ಚಿಮಕ್ಕೆ ಮುಖ ಮಾಡಿ. ಬೆಳಕು ಹರಿಯುವ ಹೊತ್ತು. ಮಾಂಟ್ ಬ್ಲಾಂಕ್‌ನ ತಲೆ ಕಾಣುತ್ತಿದೆಯೇ, ಮೋಡದ ಟೋಪಿ ನಿನ್ನೆ ಸಂಜೆಗಿಂತ ಕೆಳಕ್ಕೆ ಇಳಿದಿದೆಯೇ, ಏಣಿನ ಅಂಚಿನಿಂದ ಹಿಮದ ಪುಡಿ ಬಾವುಟದ ಹಾಗೆ ಹಾರುತ್ತಿದೆಯೇ? ಹಾರುತ್ತಿದ್ದರೆ ಅಲ್ಲಿ ನಿಲ್ಲಲಾಗದಷ್ಟು ಗಾಳಿಯಿದೆ. ಗಡಿಯಾರ ನೋಡಿ, ಚೀಟಿ ನೋಡಿ. ಮೋಡ, ಗಾಳಿ, ಸಮಯ, ಈ ಮೂರರಲ್ಲಿ ಒಂದು ಸರಿಯಿಲ್ಲದಿದ್ದರೂ ಇಲ್ಲಿಂದ ಹಿಂದಿರುಗಿ. ಹಿಂದಿರುಗುವುದು ಇನ್ನೂ ಸುಲಭವಾಗಿರುವ ಕೊನೆಯ ಜಾಗ ಇದು.

ಏಣಿನ ಮೇಲೆ

ಇಲ್ಲಿಂದ ಮುಂದಿನ ಎರಡು ಗಂಟೆ ಇಡೀ ದಿನದ ತಿರುಳು. ಹಿಮದ ಏಣು ಕೆಲವೆಡೆ ಒಂದು ಬೂಟಿನ ಅಗಲಕ್ಕೆ ಬರುತ್ತದೆ. ಗಾಳಿ ತಂದು ಸೇರಿಸಿದ ಹಿಮ ಹೆಂಚಿನ ಮನೆಯ ಸೂರಿನ ಹಾಗೆ ಏಣಿನಿಂದಾಚೆ ಚಾಚಿಕೊಂಡಿರುತ್ತದೆ, ಕೆಳಗೆ ಆಧಾರ ಇರುವುದಿಲ್ಲ. ಮೇಲೆ ನಿಂತವರಿಗೆ ಅದು ಗಟ್ಟಿ ನೆಲದಂತೆಯೇ ಕಾಣುತ್ತದೆ. ಈ ಚಾಚು ಯಾವಾಗಲೂ ಇಂಥದ್ದೇ ಕಡೆ ಇರುತ್ತದೆ ಎಂದು ನಂಬಬೇಡಿ. ಏಣು ತಿರುಗಿದಂತೆ ಅದೂ ಬದಲಾಗಬಹುದು. ಮುರಿದರೆ ತುದಿಯ ಗೆರೆಗಿಂತ ಒಳಗಿನಿಂದಲೇ ಮುರಿಯುತ್ತದೆ. ಆದ್ದರಿಂದ ಹೆಜ್ಜೆಗಳು ತುದಿಯ ಗೆರೆಯಿಂದ ಒಂದೆರಡು ಮೀಟರ್ ಕೆಳಗೆ, ಚಾಚು ಇಲ್ಲದ ಇಳಿಜಾರಿನಲ್ಲಿ ಸಾಗಲಿ. ಹಳೆಯ ಹೆಜ್ಜೆಗುರುತು ತುದಿಗೇ ಅಂಟಿಕೊಂಡು ಹೋಗಿದ್ದರೆ ಅದನ್ನು ಹಿಂಬಾಲಿಸಬೇಡಿ. ಹೆಜ್ಜೆ ಹಾಕಿದವರು ಬಂದಾಗ ಹಿಮ ಗಟ್ಟಿಯಿದ್ದಿರಬಹುದು.

ಇಬ್ಬರ ನಡುವೆ ಹಗ್ಗ ಎಂಟು–ಹತ್ತು ಮೀಟರ್. ಹಿಂದಿರುವವನ ಕೈಯಲ್ಲಿ ಎರಡು ಮೂರು ಸುತ್ತು ಹಗ್ಗ ಸಡಿಲವಾಗಿ ಇರಬೇಕು. ಮುಂದಿನವನು ಒಂದು ಕಡೆ ಜಾರಿದರೆ ಆ ಸುತ್ತುಗಳು ಕೈಯಿಂದ ಹೋಗುವಷ್ಟರಲ್ಲಿ ಹಿಂದಿನವನು ಏಣಿನ ಇನ್ನೊಂದು ಕಡೆಗೆ ಹಾರಬೇಕು. ಓದುವಾಗ ವಿಚಿತ್ರ ಅನಿಸುತ್ತದೆ, ಆದರೆ ಚೂಪು ಹಿಮದ ಏಣಿನಲ್ಲಿ ಹಗ್ಗ ಹಿಡಿದು ನಿಲ್ಲಿಸಲು ಬೇರೆ ಏನೂ ಇರುವುದಿಲ್ಲ. ಇದನ್ನು ಇಬ್ಬರೂ ಮೊದಲೇ ಬಾಯಿಬಿಟ್ಟು ಮಾತಾಡಿಕೊಂಡಿರಬೇಕು. ಕಲ್ಲು ಸಿಕ್ಕಿದ ಕೂಡಲೇ ಹಾರುವ ಲೆಕ್ಕ ಬಿಟ್ಟು, ಹಗ್ಗವನ್ನು ಕಲ್ಲಿನ ಕೊಂಬುಗಳ ಹಿಂದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಯಿಸುತ್ತಾ ನಡೆಯಿರಿ. ಕೊಂಬಿಗೆ ಸ್ಲಿಂಗ್ ಹಾಕಿ ಹಗ್ಗ ಸಿಕ್ಕಿಸಲು ಅರ್ಧ ನಿಮಿಷ ಸಾಕು. ಇಬ್ಬರ ನಡುವೆ ಯಾವಾಗಲೂ ಕನಿಷ್ಠ ಎರಡು ಆಧಾರ ಇರುವಂತೆ ನೋಡಿಕೊಳ್ಳಿ.

ವೇಗ ಅನ್ನುವುದು ಇಲ್ಲಿ ಬೇಗಬೇಗ ಕಾಲು ಹಾಕುವುದರಲ್ಲಿ ಇಲ್ಲ. ಕ್ರ್ಯಾಂಪಾನ್ ಪ್ಯಾಂಟಿಗೆ ಸಿಕ್ಕಿಕೊಳ್ಳುವುದು, ಅದರಿಂದ ಮುಗ್ಗರಿಸುವುದು, ಎಲ್ಲ ಆ ಆತುರದಲ್ಲೇ. ನಿಲ್ಲದೆ ಹೋಗುವುದರಲ್ಲಿ ವೇಗವಿದೆ. ಪ್ರತಿ ಕಲ್ಲಿನ ತುಂಡಿಗೂ ನಿಂತು ಪೂರ್ತಿ ಬಿಲೇ ಕಟ್ಟಿದರೆ (ಒಬ್ಬರು ಆಧಾರಕ್ಕೆ ಕಟ್ಟಿಕೊಂಡು ಇನ್ನೊಬ್ಬರ ಹಗ್ಗ ಹಿಡಿದರೆ) ಒಂದೊಂದಕ್ಕೂ ಹದಿನೈದು ಇಪ್ಪತ್ತು ನಿಮಿಷ ಹೋಗುತ್ತದೆ. ಅಂಥ ಹತ್ತು ಜಾಗ ಎಂದರೆ ಮೂರು ಗಂಟೆ. ಎಲ್ಲಾ ಕಡೆ ಬಿಲೇ ಬೇಕು ಅನಿಸುತ್ತಿದ್ದರೆ ಅದು ತಪ್ಪಲ್ಲ, ಆದರೆ ಆ ವೇಗಕ್ಕೆ ಇವತ್ತಿನ ಆಕಾಶದಲ್ಲಿ ಸಮಯವಿಲ್ಲ. ತಿರುಗಿ.

ಎಗ್ವಿಯ ಕೊನೆಯ ಏರು ಕಲ್ಲಿನದು, ಕೆಲವೆಡೆ ಸಡಿಲ. ತುದಿ ಮುಟ್ಟಿದಾಗ ಎಂಟೂವರೆ ದಾಟಿಲ್ಲ ಎಂದರೆ ಒಂದು ಫೋಟೋ, ಎರಡು ಗುಟುಕು ನೀರು. ಡೋಮ್ ಇಲ್ಲಿಂದ ಹತ್ತಿರವೇ ಕಾಣುತ್ತದೆ, ಆಕಾಶವೂ ಒಮ್ಮೊಮ್ಮೆ ಈ ಹೊತ್ತಿಗೆ ತಿಳಿಯಾಗುತ್ತದೆ. 1961ರ ಜುಲೈನಲ್ಲಿ ಇದೇ ಮಾಂಟ್ ಬ್ಲಾಂಕ್ ಸಮೂಹದ ಫ್ರೆನೆ ಎಂಬ ಕಂಬದಂಥ ಬಂಡೆಯ ಮೇಲೆ ವಾಲ್ಟರ್ ಬೊನಾಟ್ಟಿ, ಪಿಯರ್ ಮಾಜೋ ಸೇರಿದಂತೆ ಏಳು ಮಂದಿ ತುದಿಗೆ ಸ್ವಲ್ಪವೇ ದೂರದಲ್ಲಿ ಬಿರುಗಾಳಿಗೆ ಸಿಕ್ಕಿ, ತಿಳಿಯಾಗುತ್ತದೆ ಎಂದು ಕಾದರು. ದಿನಗಳೇ ಕಳೆದರೂ ತಿಳಿಯಾಗಲಿಲ್ಲ. ಕೊನೆಗೆ ಇಳಿಯುವಾಗ ನಾಲ್ವರು ತೀರಿಕೊಂಡರು. ಅವರು ಆ ಕಾಲದ ಅತ್ಯುತ್ತಮ ಆರೋಹಿಗಳು.

ಬಿರುಗಾಳಿ ಮೊದಲೇ ಬಂದರೆ

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ; ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಸೆಕೆಂಡ್ ಇದ್ದಾಗಲೇ ನೀವು ಅಪಾಯದ ವಲಯದಲ್ಲಿದ್ದೀರಿ. ಐಸ್ ಆಕ್ಸ್ ಜೇನುಹುಳುವಿನಂತೆ ಗುಂಯ್‌ಗುಡಲು ಶುರುವಾದರೆ, ಹೆಲ್ಮೆಟ್ ಕೆಳಗೆ ಕೂದಲು ನಿಮಿರಿದರೆ ಎಣಿಸುವ ಕಾಲ ಮುಗಿಯಿತು. ತುದಿಯಿಂದ ಕೆಳಗಿಳಿಯಿರಿ, ಹತ್ತು ಮೀಟರ್ ಇಳಿದರೂ ಲಾಭವೇ. ಬಂಡೆಯ ಬುಡಕ್ಕೆ ಅಂಟಿಕೊಂಡು, ಗುಹೆಯಂಥ ಸಣ್ಣ ಸಂದಿಯ ಬಾಯಲ್ಲಿ ಕೂರಬೇಡಿ. ಬಂಡೆಯ ಮೇಲೆ ಹರಿಯುವ ವಿದ್ಯುತ್ ಅಲ್ಲಿ ನೆಗೆಯುತ್ತದೆ. ಚೀಲದ ಮೇಲೆ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಿ, ಸಲಕರಣೆಗಳನ್ನು ಸ್ವಲ್ಪ ದೂರ ಇಡಿ, ಆದರೆ ಹಗ್ಗದ ಆಧಾರ ಮಾತ್ರ ಬಿಚ್ಚಬೇಡಿ. ಸಣ್ಣ ಆಘಾತಕ್ಕೂ ದೇಹ ಎಗರುತ್ತದೆ, ಆಧಾರ ಇಲ್ಲದಿದ್ದರೆ ಬೀಳುತ್ತೀರಿ.

ಗುಡುಗಿಲ್ಲದೆ ಮಂಜು, ಹಿಮ, ಗಾಳಿ ಬಂದರೆ ಚಲಿಸುತ್ತಲೇ ಇರಿ, ಬಂದ ದಾರಿಯಲ್ಲೇ. ಏಣಿನಿಂದ ಪಕ್ಕಕ್ಕೆ ಇಳಿದು ತಪ್ಪಿಸಿಕೊಳ್ಳುವ ಯೋಚನೆ ಬೇಡ. ಎರಡೂ ಕಡೆ ನೂರಾರು ಮೀಟರ್ ಕಡಿದು. ನಿಮ್ಮ ಹೆಜ್ಜೆಗುರುತು ಅರ್ಧ ಗಂಟೆಯಲ್ಲಿ ಮುಚ್ಚಿಹೋಗುತ್ತದೆ, ಆಗ ಚಾಚು ಎಲ್ಲಿ ಮುಗಿಯುತ್ತದೆ ಎಂದು ಕಾಣುವುದಿಲ್ಲ. ಮುಂದಿನವನು ಐಸ್ ಆಕ್ಸ್ ಹಿಡಿಕೆಯನ್ನು ಪ್ರತಿ ಹೆಜ್ಜೆಗೂ ಚುಚ್ಚಿ ನೋಡಲಿ.

ಜೊತೆಗಾರನನ್ನು ಮಾತಾಡಿಸುತ್ತಿರಿ. ಮಾತು ತೊದಲುವುದು, ಸಣ್ಣದಕ್ಕೆ ಸಿಡುಕುವುದು, ಗ್ಲೌಸ್ ಬಿದ್ದರೂ ಎತ್ತಿಕೊಳ್ಳದೆ ನಿಲ್ಲುವುದು, ಎಲ್ಲ ದೇಹದ ಶಾಖ ಇಳಿಯುತ್ತಿರುವ ಲಕ್ಷಣ. "ನಾನು ಚೆನ್ನಾಗಿದ್ದೇನೆ" ಅನ್ನುವ ಉತ್ತರವನ್ನು ಆಗ ನಂಬಬೇಡಿ. ಗಾಳಿ ತಪ್ಪುವ ಮೊದಲ ಜಾಗದಲ್ಲಿ ತುರ್ತು ಹೊದಿಕೆ ಎಳೆದುಕೊಂಡು, ದಪ್ಪ ಜಾಕೆಟ್ ಹಾಕಿ, ಸಿಹಿ ತಿನ್ನಿಸಿ. ಕಾಲು ಗಂಟೆಯ ಆ ಬಿಡುವು ಒಬ್ಬ ಮನುಷ್ಯನನ್ನು ಮತ್ತೆ ನಡೆಯುವಂತೆ ಮಾಡುತ್ತದೆ.

ಸಮತಟ್ಟು ಹಿಮನದಿಯನ್ನು ಹಗುರವಾಗಿ ನೋಡಬೇಡಿ

ಕಷ್ಟದ ಭಾಗ ಮುಗಿಯಿತು, ಹಟ್ ಹತ್ತಿರ ಎಂದು ಎಚ್ಚರ ತಪ್ಪುವ ಜಾಗ ಇದು. 2018ರ ಏಪ್ರಿಲ್ ಕೊನೆಯಲ್ಲಿ ಸ್ವಿಟ್ಜರ್ಲೆಂಡ್‌ನ ಪಿಞ್ ದಾರೊಲ್ಲಾ ಬಳಿ ಬಿರುಗಾಳಿಗೆ ಸಿಕ್ಕಿದ ಸ್ಕೀ ಯಾತ್ರಿಗಳು ರಾತ್ರಿಯಿಡೀ ಬಯಲಲ್ಲಿ ಕಳೆದರು. ವಿಞೆತ್ ಹಟ್ ಅವರಿಂದ ಕೆಲವೇ ನೂರು ಮೀಟರ್ ದೂರದಲ್ಲಿತ್ತು. ಏಳು ಮಂದಿ ಉಳಿಯಲಿಲ್ಲ.

ಬಿಳಿ ನೆಲ, ಬಿಳಿ ಆಕಾಶ ಒಂದಾದಾಗ ಕಣ್ಣಿಗೆ ಏರು ಯಾವುದು, ಇಳಿ ಯಾವುದು ತಿಳಿಯುವುದಿಲ್ಲ. ಹಗ್ಗವನ್ನು ಮತ್ತೆ 15 ಮೀಟರ್‌ಗೆ ಉದ್ದ ಮಾಡಿ. ಹಿಂದಿನವನು ಜಿಪಿಎಸ್ ಜಾಡು ನೋಡುತ್ತಾ "ಎಡಕ್ಕೆ, ಬಲಕ್ಕೆ" ಎಂದು ಕೂಗಿ ಹೇಳಲಿ, ಮುಂದಿನವನು ನೆಲ ನೋಡಲಿ. ಒಬ್ಬನೇ ಎರಡನ್ನೂ ಮಾಡಲು ಹೋದರೆ ಬಿರುಕಿಗೆ ಕಾಲಿಡುತ್ತಾನೆ. ಫೋನ್ ಸತ್ತಿದ್ದರೆ ಹಿಂದಿನ ಸಂಜೆ ಬರೆದಿಟ್ಟುಕೊಂಡ ದಿಕ್ಸೂಚಿಯ ಕೋನ ಮತ್ತು ಆಲ್ಟಿಮೀಟರ್ ಸಾಕು, ಬರೆದಿಟ್ಟುಕೊಂಡಿದ್ದರೆ.

ಸಹಾಯ ಕರೆಯುವುದು

112ಕ್ಕೆ ಕರೆ ಮಾಡಿ ಎತ್ತರ, ಜಾಗದ ಹೆಸರು, ಎಷ್ಟು ಜನ, ಏನು ಗಾಯ, ಅಲ್ಲಿ ಗಾಳಿ ಮತ್ತು ಮೋಡ ಹೇಗಿದೆ ಅನ್ನುವುದನ್ನು ಹೇಳಿ. ಗಡಿಯ ಏಣು ಆದ್ದರಿಂದ ಕರೆ ಇಟಲಿಗೂ ಹೋಗಬಹುದು, ಫ್ರಾನ್ಸಿಗೂ ಹೋಗಬಹುದು. ಚಿಂತೆ ಬೇಡ. ಸಿಗ್ನಲ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಬಾರಿ ಟಾರ್ಚ್ ಅಥವಾ ಸೀಟಿ, ಒಂದು ನಿಮಿಷ ಬಿಡುವು, ಮತ್ತೆ ಆರು. ಹೆಲಿಕಾಪ್ಟರ್ ಕಂಡಾಗ ಸಹಾಯ ಬೇಕಿದ್ದರೆ ಎರಡೂ ಕೈ ಮೇಲೆತ್ತಿ ನಿಲ್ಲಿ. ಬೇಡವಾದರೆ ಒಂದು ಕೈ ಮೇಲೆ, ಒಂದು ಕೆಳಗೆ. ಸುಮ್ಮನೆ ಖುಷಿಗೆ ಎರಡೂ ಕೈ ಬೀಸಬೇಡಿ.

ಮೋಡ ಮುಚ್ಚಿದರೆ ಹೆಲಿಕಾಪ್ಟರ್ ಬರುವುದಿಲ್ಲ ಅನ್ನುವುದನ್ನು ಲೆಕ್ಕದಲ್ಲಿಟ್ಟುಕೊಂಡೇ ಹೊರಡಬೇಕು. 2024ರ ಮಾರ್ಚ್ 9ರಂದು ಝೆರ್ಮಾಟ್‌ನಿಂದ ಆರೊಲ್ಲಾಗೆ ಹೊರಟ ಆರು ಮಂದಿ ಟೆಟ್ ಬ್ಲಾಂಶ್ ಬಳಿ ಬಿರುಗಾಳಿಗೆ ಸಿಕ್ಕಿದರು. ರಕ್ಷಣಾ ತಂಡಗಳು ಆ ರಾತ್ರಿ ಅವರನ್ನು ತಲುಪಲಾಗಲಿಲ್ಲ. ಐವರ ಶವ ಸಿಕ್ಕಿತು, ಒಬ್ಬರು ಕಾಣೆಯಾದರು. ಆದ್ದರಿಂದ ತೊಂದರೆ ಸಣ್ಣದಿದ್ದಾಗ, ಆಕಾಶ ಇನ್ನೂ ತೆರೆದಿರುವಾಗ ಕರೆ ಮಾಡಿ, ಅದರಲ್ಲಿ ನಾಚಿಕೆಯೇನಿಲ್ಲ.

ಹಟ್ ತಲುಪಿದ ಮೇಲೆ

ಮೊದಲು ಹಟ್ ನೋಡಿಕೊಳ್ಳುವವರಿಗೆ "ನಾವಿಬ್ಬರೂ ಬಂದೆವು" ಎಂದು ಹೇಳಿ. ಬೆಳಿಗ್ಗೆ ಪುಸ್ತಕದಲ್ಲಿ ಬರೆದು ಹೋಗಿರುತ್ತೀರಿ, ನಿಮ್ಮನ್ನು ಹುಡುಕಲು ಯಾರೂ ಹೊರಡಬಾರದು. ಗಾಳಿ ಜೋರಾದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ, ಆದ್ದರಿಂದ ಭಾನುವಾರ ರಾತ್ರಿಯ ರೈಲು, ಸೋಮವಾರ ಬೆಳಗಿನ ಮೀಟಿಂಗ್ ಇಟ್ಟುಕೊಂಡು ಹೋಗಬೇಡಿ. ಕೇಬಲ್ ಕಾರ್ ತಪ್ಪುತ್ತದೆ ಎಂದು ಏಣಿನ ಮೇಲೆ ಅವಸರ ಮಾಡುವುದಕ್ಕಿಂತ ಟೊರಿನೊದಲ್ಲಿ ಇನ್ನೊಂದು ರಾತ್ರಿಯ ಹಾಸಿಗೆ ಕಾಯ್ದಿರಿಸುವುದು ಅಗ್ಗ.

ಅರ್ಧದಲ್ಲೇ ತಿರುಗಿ ಬಂದು ಮರುದಿನ ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿದ್ದರೂ ಕೂಡಲೇ ಹೊರಡಬೇಡಿ. ಬಿರುಗಾಳಿ ತಂದ ಹೊಸ ಹಿಮ ಚಾಚನ್ನು ಇನ್ನಷ್ಟು ದೊಡ್ಡದು ಮಾಡಿರುತ್ತದೆ, ಹಳೆಯ ಹೆಜ್ಜೆಗಳನ್ನು ಮುಚ್ಚಿರುತ್ತದೆ. ಗಾಳಿಗೆ ಮರೆಯಾದ ಇಳಿಜಾರುಗಳಲ್ಲಿ ಆ ಹಿಮ ಹಲಗೆಯಾಗಿ ಕೂತಿರುತ್ತದೆ, ಕಾಲಿಟ್ಟರೆ ಜಾರುತ್ತದೆ. ಹೊಸ ಹಿಮ ಕೂತು ಗಟ್ಟಿಯಾಗಲು ಕನಿಷ್ಠ ಎರಡು ರಾತ್ರಿ ಸೊನ್ನೆಗಿಂತ ಕೆಳಗಿನ ಚಳಿ ಬೇಕು. ಗೈಡ್‌ಗಳು ಯಾವ ದಿನ ಮತ್ತೆ ಆ ಕಡೆ ಹೊರಡುತ್ತಾರೆ ಎಂದು ಹಟ್‌ನಲ್ಲಿ ಕೇಳಿ, ಅದರ ಮರುದಿನಕ್ಕೆ ನಿಮ್ಮ ಹಾಸಿಗೆ ಬುಕ್ ಮಾಡಿ.